ನಂಬರ್ ಪ್ಲೇಟ್ ಮೇಲೆ ದೂರು ಬರೆದುಕೊಂಡ ಊರು: ವಾಷಿಂಗ್ಟನ್ ಡಿಸಿ ಇನ್ನೂ ಯಾಕೆ ರಾಜ್ಯ ಆಗಿಲ್ಲ?

ಬಸವನಗುಡಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ, ಭಾವ ಹೋದ ತಿಂಗಳು ನ್ಯೂಜೆರ್ಸಿ ಬಿಟ್ಟು ವಾಷಿಂಗ್ಟನ್ ಡಿಸಿಗೆ ಮನೆ ಬದಲಾಯಿಸಿದರು. ಕಾರಿನ ಹೊಸ ಪ್ಲೇಟ್ ಫೋಟೊ ಫ್ಯಾಮಿಲಿ ಗ್ರೂಪಿಗೆ ಬಂತು. ನಂಬರಿನ ಕೆಳಗೆ 'ಪ್ರತಿನಿಧಿ ಇಲ್ಲದ ತೆರಿಗೆ ನಿಲ್ಲಿಸಿ' ಅನ್ನುವ ಅರ್ಥದ ಇಂಗ್ಲಿಷ್ ಸಾಲು. ಯಾರೋ ಸ್ಟಿಕ್ಕರ್ ಅಂಟಿಸಿದ್ದಾರೆ ಅಂದುಕೊಂಡೆ. ಇಲ್ಲವಂತೆ, ಊರಿನ ಸರ್ಕಾರವೇ ಅಚ್ಚು ಹಾಕಿ ಕೊಡುವುದಂತೆ!

ಅಕ್ಕ ಹೇಳುವ ಪ್ರಕಾರ ಅಲ್ಲಿನವರು ಎಲ್ಲರ ಹಾಗೆ ತೆರಿಗೆ ಕಟ್ಟುತ್ತಾರೆ, ಆದರೆ ಸಂಸತ್ತಿನಲ್ಲಿ ಅವರ ಪರವಾಗಿ ಓಟು ಹಾಕುವವರು ಯಾರೂ ಇಲ್ಲ. ಪ್ರಪಂಚಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳುವ ದೇಶದ ರಾಜಧಾನಿಯಲ್ಲೇ ಹೀಗಾ? ಮೇಯರ್ ಇದ್ದಾರೆ, ಕೌನ್ಸಿಲ್ ಇದೆ, ಆದರೂ 'ನಮಗೆ ಸ್ವಂತ ಆಡಳಿತ ಇಲ್ಲ' ಅನ್ನುತ್ತಾರೆ ಅಂದರೆ ಏನರ್ಥ? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಕಾಲ ತಳ್ಳಿದವರು ನಾವು. ಹಾಗಾಗಿ ಕೇಳುವ ಹಕ್ಕು ಇದೆ ಅಂದುಕೊಂಡಿದ್ದೇನೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಪೆಟ್‌ವರ್ತ್ ಪದ್ಮಾ:

ನಾನು ಈ ಊರಿಗೆ ಬಂದು 21 ವರ್ಷ. ಪೆಟ್‌ವರ್ತ್ ಅನ್ನುವ ಬಡಾವಣೆ, ಗೋಡೆಗೆ ಗೋಡೆ ತಾಗಿದ ಸಾಲು ಮನೆಗಳಲ್ಲಿ ನಮ್ಮದೂ ಒಂದು. ಎರಡು ವರ್ಷ ನಮ್ಮ ನಾಲ್ಕು ಬೀದಿಗೆ 'ನೆರೆಹೊರೆ ಕಮಿಷನರ್' ಆಗಿದ್ದೆ. ಹೆಸರು ದೊಡ್ಡದು, ಸಂಬಳ ಸೊನ್ನೆ. ಅದರ ಕತೆ ಆಮೇಲೆ.

ನಿಮ್ಮ ಅಕ್ಕ ಹೇಳಿದ್ದು ನಿಜ. ಮೇಲ್ಮನೆಯಾದ ಸೆನೆಟ್‌ನಲ್ಲಿ ನಮಗೆ ಯಾರೂ ಇಲ್ಲ. ಕೆಳಮನೆಯಲ್ಲಿ ಒಬ್ಬ ಡೆಲಿಗೇಟ್ ಇರುತ್ತಾರೆ. ಭಾಷಣ ಮಾಡಬಹುದು, ಮಸೂದೆ ಮಂಡಿಸಬಹುದು, ಸಮಿತಿಗಳಲ್ಲಿ ಓಟು ಹಾಕಬಹುದು. ಕೊನೆಗೆ ಮಸೂದೆ ಪಾಸು ಮಾಡುವ ಓಟು ಬಂದಾಗ ಮಾತ್ರ ಕೈ ಕಟ್ಟಿ ಕೂರಬೇಕು. ಎಲಿನಾರ್ ಹೋಮ್ಸ್ ನಾರ್ಟನ್ 1991ರಲ್ಲಿ ಈ ಕುರ್ಚಿಗೆ ಬಂದು ಮೂರು ದಶಕಕ್ಕೂ ಜಾಸ್ತಿ ಕಾಲ ಹೀಗೇ ಕೂತರು. ಮದುವೆ ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸದೆ ಮುಂದಕ್ಕೆ ಹೋದ ಹಾಗೆ.

ಇದು ಶುರುವಾಗಿದ್ದು ಸಂಬಳದ ಜಗಳದಿಂದ. 1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಸೇರಿದ್ದ ಕಟ್ಟಡವನ್ನು ಸುತ್ತುವರಿದರು. ಕಾಪಾಡಿ ಎಂದರೆ ಪೆನ್ಸಿಲ್ವೇನಿಯಾ ರಾಜ್ಯ ಪಡೆ ಕಳಿಸಲಿಲ್ಲ. ಸದಸ್ಯರು ಪ್ರಿನ್ಸ್‌ಟನ್‌ಗೆ ಓಡಿದರು. ರಾಜಧಾನಿ ಯಾವ ರಾಜ್ಯದ ಹಂಗಿನಲ್ಲೂ ಇರಬಾರದು ಅನ್ನುವ ಮಾತಿಗೆ ಆಗ ಬಲ ಬಂತು. ಸಂವಿಧಾನದಲ್ಲಿ 'ಹತ್ತು ಮೈಲಿ ಚೌಕ ಮೀರದ' ಜಾಗದ ಮೇಲೆ ಪೂರ್ತಿ ಅಧಿಕಾರ ಕಾಂಗ್ರೆಸ್ಸಿಗೆ ಎಂದು ಬರೆದರು. ಮೇರಿಲ್ಯಾಂಡ್, ವರ್ಜೀನಿಯಾ ಎರಡೂ ಭೂಮಿ ಕೊಟ್ಟವು. 1801ರ ಕಾನೂನು ಬಂದಾಗ, ಅಲ್ಲಿಯವರೆಗೆ ಆ ರಾಜ್ಯಗಳಲ್ಲಿ ಓಟು ಹಾಕುತ್ತಿದ್ದವರ ಓಟು ಹೋಯಿತು. ಆಗ ಅಲ್ಲಿದ್ದದ್ದು ಕೆಸರು, ಹೊಲ, ಎರಡು ಸಣ್ಣ ಬಂದರು. ಇಲ್ಲಿ ಲಕ್ಷಾಂತರ ಜನ ಸೇರುತ್ತಾರೆ ಎಂದು ಯಾರೂ ಲೆಕ್ಕ ಹಾಕಿದ ಹಾಗಿಲ್ಲ.

ನಮ್ಮ ಕಡೆ ಡಿಸಿ ಅಂದರೆ ಜಿಲ್ಲಾಧಿಕಾರಿ ಅಲ್ವಾ? ಇಲ್ಲೂ 93 ವರ್ಷ ಹೆಚ್ಚುಕಮ್ಮಿ ಹಾಗೇ ನಡೆಯಿತು! 1871ರಲ್ಲಿ ಒಂದಿಷ್ಟು ಸ್ವಂತ ಆಡಳಿತ ಕೊಟ್ಟಿದ್ದರು. ಅಲೆಗ್ಸಾಂಡರ್ ಶೆಫರ್ಡ್ ಅನ್ನುವವರು ರಸ್ತೆ, ಚರಂಡಿ, ದೀಪ ಎಂದು ಭರಭರನೆ ಕೆಲಸ ಮಾಡಿಸಿ ಊರನ್ನು ಸಾಲದಲ್ಲಿ ಮುಳುಗಿಸಿದರು. 1874ರಲ್ಲಿ ಕಾಂಗ್ರೆಸ್ ಅದನ್ನು ಕಿತ್ತುಹಾಕಿ ಮೂವರು ಕಮಿಷನರ್‌ಗಳನ್ನು ತಂದು ಕೂರಿಸಿತು. ಆ ಪದ್ಧತಿ 1967ರವರೆಗೆ ಇತ್ತು. ಸಾಲ ಮಾಡಿದ್ದು ಒಬ್ಬರ ಕಾಲದಲ್ಲಿ, ಓಟು ಕಳೆದುಕೊಂಡದ್ದು ಮೂರು ತಲೆಮಾರು. ಆ ಊರಲ್ಲಿ ಆಗ ಗುಲಾಮಗಿರಿಯಿಂದ ಬಿಡುಗಡೆಯಾಗಿ, ಹೊಸದಾಗಿ ಓಟಿನ ಹಕ್ಕು ಪಡೆದ ಕಪ್ಪು ಜನ ಬಹಳ ಇದ್ದರು. ಸಾಲ ಒಂದೇ ಕಾರಣ ಅಂದರೆ ನಾನು ನಂಬುವುದಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. 1938ರಲ್ಲಿ ಇಲ್ಲೇ ಹುಟ್ಟಿದವರು, ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರು ಅಧ್ಯಕ್ಷರ ಚುನಾವಣೆಗೆ ಮೊದಲು ಓಟು ಹಾಕಿದ್ದು 1964ರಲ್ಲಿ. 1961ರ 23ನೇ ತಿದ್ದುಪಡಿ ಬರುವ ತನಕ ಆ ಹಕ್ಕೂ ಇರಲಿಲ್ಲ. ಮೇಯರ್‌ಗೆ ಮೊದಲ ಓಟು 1974ರಲ್ಲಿ, ಆಗ ಅವರಿಗೆ 36 ವರ್ಷ. ಸೆನೆಟರ್‌ಗೆ ಈವರೆಗೂ ಹಾಕಿಲ್ಲ. ಅವರ ಬಾಯಲ್ಲಿ ಯಾವಾಗಲೂ ಬರುವ ಹೆಸರು ಜಾನ್ ಮೆಕ್‌ಮಿಲನ್. ದಕ್ಷಿಣ ಕೆರೊಲಿನಾದ ಈ ಸದಸ್ಯ ವರ್ಷಗಟ್ಟಲೆ ಡಿಸಿ ಸಮಿತಿಯ ಅಧ್ಯಕ್ಷ. ಸ್ವಂತ ಆಡಳಿತದ ಮಸೂದೆ ಬಂದಾಗೆಲ್ಲ ಅದರ ಮೇಲೆ ಕೂತುಬಿಡುತ್ತಿದ್ದರು. 1967ರಲ್ಲಿ ಅಧ್ಯಕ್ಷ ಜಾನ್ಸನ್, ವಾಲ್ಟರ್ ವಾಷಿಂಗ್ಟನ್ ಅನ್ನುವ ಕಪ್ಪು ಅಧಿಕಾರಿಯನ್ನು ಮೇಯರ್-ಕಮಿಷನರ್ ಎಂದು ನೇಮಿಸಿದರು. ಅವರು ಮೊದಲ ಬಜೆಟ್ ಕಳಿಸಿದಾಗ ಮೆಕ್‌ಮಿಲನ್ ಉತ್ತರವಾಗಿ ಒಂದು ಲಾರಿ ಕಲ್ಲಂಗಡಿ ಕಳಿಸಿದರು ಎಂದು ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. ನಮಗೆ ಅದು ಬರೀ ಹಣ್ಣು. ಇಲ್ಲಿ ಕಪ್ಪು ಜನರನ್ನು ಹೀಯಾಳಿಸಲು ಅದನ್ನು ಬಳಸುತ್ತಿದ್ದರು. ಅಜ್ಜಿ ಈ ಕತೆ ಹೇಳುವಾಗ ನಗುವುದಿಲ್ಲ.

ಆಮೇಲೆ ಡಿಸಿ ಜನ ಒಂದು ಜಾಣತನ ಮಾಡಿದರು. ಇಲ್ಲಿ ಓಟಿಲ್ಲ ತಾನೇ, ಅವರ ಊರಿಗೇ ಹೋಗೋಣ ಎಂದು ದಕ್ಷಿಣ ಕೆರೊಲಿನಾಕ್ಕೆ ಹೋಗಿ ಅಲ್ಲಿನ ಕಪ್ಪು ಮತದಾರರ ನಡುವೆ ಪ್ರಚಾರ ಮಾಡಿದರು. ಮುಂದೆ ನಿಂತವರು ಡೆಲಿಗೇಟ್ ವಾಲ್ಟರ್ ಫಾಂಟ್ರಾಯ್. 1972ರಲ್ಲಿ ಮೆಕ್‌ಮಿಲನ್ ತಮ್ಮ ಪಕ್ಷದ ಒಳಚುನಾವಣೆಯಲ್ಲೇ ಸೋತರು. ಮಿಷಿಗನ್‌ನ ಚಾರ್ಲ್ಸ್ ಡಿಗ್ಸ್ ಸಮಿತಿಗೆ ಅಧ್ಯಕ್ಷರಾದರು. 1973ರ ಡಿಸೆಂಬರ್ 24ರಂದು ಅಧ್ಯಕ್ಷ ನಿಕ್ಸನ್ ಹೋಮ್ ರೂಲ್, ಅಂದರೆ ಸ್ವಂತ ಆಡಳಿತದ, ಕಾನೂನಿಗೆ ಸಹಿ ಹಾಕಿದರು. ನಿಮ್ಮ ಅಕ್ಕ ಹೇಳುವ ಮೇಯರ್, 13 ಜನರ ಕೌನ್ಸಿಲ್, ಎಲ್ಲ ಅಲ್ಲಿಂದ ಬಂದದ್ದು. ಆಯ್ಕೆಯಾದ ಮೊದಲ ಮೇಯರ್ ಅದೇ ವಾಲ್ಟರ್ ವಾಷಿಂಗ್ಟನ್.

ಈಗ ನಿಮ್ಮ ಎರಡನೇ ಪ್ರಶ್ನೆ. ಈ ಆಡಳಿತ ಬಾಡಿಗೆ ಮನೆ ಇದ್ದ ಹಾಗೆ. ಗೋಡೆಗೆ ಬಣ್ಣ ಹೊಡೆಯಬಹುದು, ಮೊಳೆ ಹೊಡೆಯಲು ಮಾಲೀಕರನ್ನು ಕೇಳಬೇಕು. ಅವರ ಹತ್ತಿರ ಇನ್ನೊಂದು ಬೀಗದ ಕೈ ಯಾವಾಗಲೂ ಇರುತ್ತದೆ. ಕೌನ್ಸಿಲ್ ಕಾನೂನು ಮಾಡಿದರೆ ಅದು ಕಾಂಗ್ರೆಸ್ಸಿನಲ್ಲಿ 30 ದಿನ ಕೂರಬೇಕು, ಅಪರಾಧದ ಕಾನೂನಾದರೆ 60. ಆ ದಿನಗಳೂ ಕಾಂಗ್ರೆಸ್ ಕೆಲಸ ಮಾಡುವ ದಿನಗಳ ಲೆಕ್ಕ, ಕ್ಯಾಲೆಂಡರಿನವಲ್ಲ. ನಮ್ಮ ಸ್ಥಳೀಯ ಕೋರ್ಟಿನ ಜಡ್ಜ್‌ಗಳನ್ನು ನೇಮಿಸುವುದು ಅಧ್ಯಕ್ಷರು, ಒಪ್ಪುವುದು ಸೆನೆಟ್. ಬೀದಿಯಲ್ಲಿ ಯಾರೋ ಚಾಕು ಹಾಕಿದರೆ ಕೇಸು ನಡೆಸುವುದು ಅಧ್ಯಕ್ಷರು ನೇಮಿಸಿದ ಫೆಡರಲ್ ವಕೀಲರು. ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೇನೆ ರಾಜ್ಯಗಳಲ್ಲಿ ಗವರ್ನರ್ ಮಾತು ಕೇಳುತ್ತದೆ, ಇಲ್ಲಿ ಅಧ್ಯಕ್ಷರ ಮಾತು. 2021ರ ಜನವರಿ 6ರಂದು ಕ್ಯಾಪಿಟಲ್ ಅನ್ನುವ ಸಂಸತ್ ಭವನಕ್ಕೆ ಜನ ನುಗ್ಗಿದಾಗ ನಮ್ಮ ಮೇಯರ್ ಗಾರ್ಡ್‌ಗಾಗಿ ಕೇಳಬೇಕಾಯಿತು. ಆದೇಶ ಕೊಡುವ ಅಧಿಕಾರ ಅವರಿಗಿರಲಿಲ್ಲ.

ನನಗೆ ತುಂಬ ಇಷ್ಟವಾದ ಉದಾಹರಣೆ, ಇಷ್ಟ ಅಂದರೆ ಹೊಟ್ಟೆ ಉರಿಯುವ ಇಷ್ಟ, 1998ರದ್ದು. ಔಷಧಕ್ಕಾಗಿ ಗಾಂಜಾ ಬಳಸಬಹುದೇ ಎಂದು ಇಲ್ಲಿ ಜನಮತ ನಡೆಯಿತು. ಓಟು ಹಾಕಿ ಆಯಿತು. ಕಾಂಗ್ರೆಸ್ ಏನು ಮಾಡಿತು ಗೊತ್ತಾ? ಈ ಓಟಿನ ಮೇಲೆ ದುಡ್ಡು ಖರ್ಚು ಮಾಡಬಾರದು ಎಂದು ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿತ್ತು. ಫಲಿತಾಂಶ ಹೊರಗೆ ಬರಲೇ ಇಲ್ಲ! ಸುಮಾರು ಒಂದು ವರ್ಷದ ಮೇಲೆ ಕೋರ್ಟ್ ಹೇಳಿದ ನಂತರ ಗೊತ್ತಾಯಿತು, ನೂರಕ್ಕೆ 69 ಜನ ಹೌದು ಎಂದಿದ್ದರು. ಆದರೂ ಜಾರಿಗೆ ಬರದ ಹಾಗೆ 2009ರವರೆಗೆ ತಡೆದರು.

ಇನ್ನು ನನ್ನ ಕಮಿಷನರ್‌ಗಿರಿ. ಸುಮಾರು 2,000 ಜನಕ್ಕೆ ಒಬ್ಬರು, ಎರಡು ವರ್ಷ ಅವಧಿ. ನಿಲ್ಲಲು 25 ಸಹಿ ಸಾಕು. ನಾನು ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಮನೆ ಮನೆ ತಿರುಗಿದೆ. ಮೊದಲ ಸಹಿ ಅಜ್ಜಿಯದು. ಸಭೆಗಳಲ್ಲಿ ಬರುವುದು ಬಾರ್ ಲೈಸೆನ್ಸ್, ಮರ ಕಡಿಯುವುದು, ಸ್ಟಾಪ್ ಬೋರ್ಡ್, ಹಿಂದಿನ ಓಣಿಯಲ್ಲಿ ಇಲಿ. ಒಂದು ಬಾರಿನ ಹಿತ್ತಲಲ್ಲಿ ರಾತ್ರಿ ಎಷ್ಟು ಗಂಟೆಯವರೆಗೆ ಹಾಡು ಹಾಕಬಹುದು ಅನ್ನುವುದರ ಮೇಲೆ ಮೂರು ತಿಂಗಳು ಜಗಳ. ಕೊನೆಗೆ ಹತ್ತೂವರೆ ಎಂದು ಕಾಗದದ ಮೇಲೆ ಒಪ್ಪಂದ ಆಯಿತು. ನಮ್ಮ ಅಭಿಪ್ರಾಯಕ್ಕೆ ಇಲಾಖೆಗಳು 'ಹೆಚ್ಚಿನ ತೂಕ' ಕೊಡಬೇಕು ಎಂದು ಕಾನೂನು ಹೇಳುತ್ತದೆ. ಒಪ್ಪದಿದ್ದರೆ ಯಾಕೆ ಎಂದು ಬರೆದು ತಿಳಿಸಬೇಕು.

ಅಂದರೆ ಹಾಡು ನಿಲ್ಲಿಸುವ ಗಂಟೆಗೆ ನನ್ನನ್ನು ಕೇಳುತ್ತಾರೆ. ಊರಿನ ಅಪರಾಧ ಕಾನೂನಿಗೆ ನನ್ನ ಅಭಿಪ್ರಾಯ ಬೇಡ. 1901ರ ಹಳೇ ಅಪರಾಧ ಸಂಹಿತೆಯನ್ನು ಕೌನ್ಸಿಲ್ ವರ್ಷಗಟ್ಟಲೆ ಕೂತು ತಿದ್ದಿತು. ಮೇಯರ್ ಬೌಸರ್ ವೀಟೊ ಹಾಕಿದರು, ಕೌನ್ಸಿಲ್ 12-1ರಲ್ಲಿ ಆ ವೀಟೊವನ್ನು ತಳ್ಳಿಹಾಕಿತು. ಇದು ನಮ್ಮ ಮನೆ ಜಗಳ, ನಾವೇ ಬಗೆಹರಿಸಿಕೊಳ್ಳುತ್ತಿದ್ದೆವು. 2023ರ ಮಾರ್ಚ್‌ನಲ್ಲಿ ಸೆನೆಟ್ 81-14ರಲ್ಲಿ ಆ ಹೊಸ ಸಂಹಿತೆಯನ್ನೇ ರದ್ದು ಮಾಡಿತು, ಬೈಡನ್ ಸಹಿ ಹಾಕಿದರು. ರಾಜ್ಯ ಮಾಡುತ್ತೇವೆ ಎಂದು ಹೇಳುವ ಪಕ್ಷದವರೇ! ಅವತ್ತಿನಿಂದ ನಾನು ಈ ವಿಷಯದಲ್ಲಿ ಯಾವ ಪಕ್ಷವನ್ನೂ ಪೂರ್ತಿ ನಂಬಿಲ್ಲ.

ರಾಕ್‌ವಿಲ್ ರಾಯರು:

ಪದ್ಮಾ ಅವರು ಬರೆದದ್ದನ್ನು ಓದಿದೆ. ನಾನು ಮೇರಿಲ್ಯಾಂಡಿನವನು. 19 ವರ್ಷ ದಿನಾ ರೆಡ್ ಲೈನ್ ಮೆಟ್ರೊ ಹಿಡಿದು ಡಿಸಿಗೆ ಹೋಗಿ ಕೆಲಸ ಮಾಡಿ ರಿಟೈರ್ ಆದೆ. ತಪ್ಪೊಪ್ಪಿಗೆ ಎಂದೇ ತಿಳಿಯಿರಿ, ಅಷ್ಟು ವರ್ಷದಲ್ಲಿ ಒಂದು ಸೆಂಟ್ ಆದಾಯ ತೆರಿಗೆಯನ್ನೂ ಡಿಸಿಗೆ ಕಟ್ಟಿಲ್ಲ. ಹೊರಗಿಂದ ಬಂದು ದುಡಿಯುವವರ ಮೇಲೆ ತೆರಿಗೆ ಹಾಕಬಾರದು ಎಂದು ಹೋಮ್ ರೂಲ್ ಕಾನೂನಿನಲ್ಲೇ ಇದೆ. ಅವರ ರಸ್ತೆ, ಅವರ ಪೊಲೀಸ್, ಅವರ ನೀರು. ಸಂಬಳದ ಮೇಲಿನ ತೆರಿಗೆ ಮಾತ್ರ ನಮ್ಮ ರಾಜ್ಯಕ್ಕೆ.

ಆದರೂ ಒಂದು ಮಾತು. ಇದಕ್ಕೆ ಹೊಸ ರಾಜ್ಯವೇ ಯಾಕೆ ಬೇಕು? ಮೇರಿಲ್ಯಾಂಡ್ ಕೊಟ್ಟ ಭೂಮಿ, ಮೇರಿಲ್ಯಾಂಡಿಗೆ ವಾಪಸ್ ಸೇರಿಸಿದರೆ ನಿಮಗೆ ಇಬ್ಬರು ಸೆನೆಟರ್ ಸಿಕ್ಕಿದ ಹಾಗಾಯಿತು. ವರ್ಜೀನಿಯಾ ಕಡೆಯ ಅಲೆಗ್ಸಾಂಡ್ರಿಯಾವನ್ನು 1846ರಲ್ಲಿ ಹೀಗೇ ಹಿಂದಕ್ಕೆ ಕೊಟ್ಟಿದ್ದಾರಲ್ಲ. ಇನ್ನೊಂದು, ಡಿಸಿಯಲ್ಲಿ ನೂರಕ್ಕೆ 90 ಜನ ಒಂದೇ ಪಕ್ಷಕ್ಕೆ ಓಟು ಹಾಕುತ್ತಾರೆ. ಇನ್ನೊಂದು ಪಕ್ಷ ತಾನಾಗಿ ಎರಡು ಸೆನೆಟ್ ಸೀಟನ್ನು ತಟ್ಟೆಯಲ್ಲಿಟ್ಟು ಕೊಡುತ್ತದೆಯೇ? ನನ್ನ ಕಾಲದಲ್ಲಂತೂ ಆಗುವ ಮಾತಲ್ಲ.

ಪೆಟ್‌ವರ್ತ್ ಪದ್ಮಾ:

ರಾಯರೇ, ತಪ್ಪೊಪ್ಪಿಗೆ ಸ್ವೀಕರಿಸಿದ್ದೇನೆ, ಬಾಕಿ ಮನ್ನಾ. 😀

ಅಲೆಗ್ಸಾಂಡ್ರಿಯಾ ಉದಾಹರಣೆ ಕೊಡುವಾಗ ಸ್ವಲ್ಪ ಹುಷಾರು. ಆ ಬಂದರು ಗುಲಾಮರ ವ್ಯಾಪಾರದ ದೊಡ್ಡ ಕೇಂದ್ರ. ಕಾಂಗ್ರೆಸ್ ಡಿಸಿಯಲ್ಲಿ ಅದನ್ನು ನಿಲ್ಲಿಸೀತು ಅನ್ನುವ ಭಯವೂ ವಾಪಸ್ ಹೋಗಲು ಒಂದು ಕಾರಣ. 1850ರಲ್ಲಿ ಡಿಸಿಯಲ್ಲಿ ಆ ವ್ಯಾಪಾರ ನಿಷೇಧ ಆಗಿಯೂ ಹೋಯಿತು.

ಇವತ್ತು ಮೇರಿಲ್ಯಾಂಡಿಗೆ ಸೇರಲು ಇಲ್ಲಿಯವರು ಕೇಳಿಲ್ಲ. 2016ರಲ್ಲಿ ರಾಜ್ಯ ಬೇಕೇ ಎಂದು ಕೇಳಿದಾಗ ನೂರಕ್ಕೆ 86 ಜನ ಹೌದು ಎಂದರು. ನಿಮ್ಮ ರಾಜ್ಯವೂ ನಮ್ಮನ್ನು ಕರೆದಿಲ್ಲ. ಬಾಲ್ಟಿಮೋರಿನವರಿಗೆ ಇನ್ನೊಂದು ದೊಡ್ಡ ಊರು ಪಾಲಿಗೆ ಬರುವುದು ಬೇಕಿದೆಯೇ, ಕೇಳಿ ನೋಡಿ.

ಪಕ್ಷದ ಲೆಕ್ಕ ನೀವು ಹೇಳಿದ್ದು ಸರಿ. ನಾನು ಅದನ್ನು ಮುಚ್ಚಿಡುವುದಿಲ್ಲ. 1978ರಲ್ಲಿ ನಮಗೆ ಪೂರ್ತಿ ಪ್ರಾತಿನಿಧ್ಯ ಕೊಡುವ ತಿದ್ದುಪಡಿ ಕಾಂಗ್ರೆಸ್ಸಿನಲ್ಲಿ ಪಾಸಾಯಿತು. 38 ರಾಜ್ಯ ಒಪ್ಪಬೇಕಿತ್ತು. ಏಳು ವರ್ಷದಲ್ಲಿ ಒಪ್ಪಿದ್ದು 16. ರಾಜ್ಯದ ಮಸೂದೆ 1993ರಲ್ಲಿ ಕೆಳಮನೆಯಲ್ಲಿ 153-277ರಲ್ಲಿ ಬಿತ್ತು. 2020ರ ಜೂನ್ 26ರಂದು 232-180ರಲ್ಲಿ, 2021ರ ಏಪ್ರಿಲ್‌ನಲ್ಲಿ 216-208ರಲ್ಲಿ ಗೆದ್ದಿತು. ಎರಡು ಸಲವೂ ಸೆನೆಟ್‌ನಲ್ಲಿ ಓಟಿಗೇ ಬರಲಿಲ್ಲ. ಆ ಮಸೂದೆ ಪ್ರಕಾರ ಶ್ವೇತಭವನ, ಕ್ಯಾಪಿಟಲ್, ಸುಪ್ರೀಂ ಕೋರ್ಟ್, ನ್ಯಾಷನಲ್ ಮಾಲ್ ಅನ್ನುವ ದೊಡ್ಡ ಮೈದಾನ ಇಷ್ಟು ಫೆಡರಲ್ ಜಾಗವಾಗಿ ಉಳಿಯುತ್ತದೆ. ಮಿಕ್ಕಿದ್ದು ರಾಜ್ಯ. ಹೆಸರು 'ವಾಷಿಂಗ್ಟನ್, ಡಗ್ಲಸ್ ಕಾಮನ್‌ವೆಲ್ತ್'. ಇಲ್ಲಿನ ಅನಕೋಸ್ಟಿಯಾ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದ, ಗುಲಾಮಗಿರಿ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ನೆನಪಿಗೆ. ಡಿಸಿ ಅನ್ನುವ ಎರಡಕ್ಷರವೂ ಉಳಿಯಿತು, ಪ್ಲೇಟ್ ಬದಲಾಯಿಸುವ ಖರ್ಚೂ ಉಳಿಯಿತು.

ನಿಜವಾದ ತೊಡಕು ಬೇರೆ ಇದೆ, ಅದನ್ನು ನೀವು ಎತ್ತಲಿಲ್ಲ, ನಾನೇ ಎತ್ತುತ್ತೇನೆ. 23ನೇ ತಿದ್ದುಪಡಿ ಡಿಸಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮೂರು ಎಲೆಕ್ಟರ್ ಕೊಟ್ಟಿದೆ, ಅಂದರೆ ಅಧ್ಯಕ್ಷರನ್ನು ಕೊನೆಗೆ ಆರಿಸುವ ಪ್ರತಿನಿಧಿಗಳು. ರಾಜ್ಯ ಆದಮೇಲೂ ಉಳಿಯುವ ಆ ಪುಟ್ಟ ಜಾಗಕ್ಕೆ ಮೂರು ಎಲೆಕ್ಟರ್ ಯಾರ ಪಾಲು? ಅಲ್ಲಿ ವಾಸ ಇರುವುದು ಮುಖ್ಯವಾಗಿ ಅಧ್ಯಕ್ಷರ ಸಂಸಾರ. ತಿದ್ದುಪಡಿ ರದ್ದಾಗಬೇಕು, ಅದಕ್ಕೆ ಮತ್ತೆ 38 ರಾಜ್ಯ. ಇದಕ್ಕೆ ಸಲೀಸಾದ ಉತ್ತರ ನಾನು ಯಾರಿಂದಲೂ ಕೇಳಿಲ್ಲ.

ಆದರೂ ನಾನು ರಾಜ್ಯದ ಪರ. 2020ರ ಎಣಿಕೆಯಲ್ಲಿ ನಾವು 6,89,545 ಜನ. ವಯೋಮಿಂಗ್ 5,76,851, ವರ್ಮಾಂಟ್ 6,43,077, ಅವರಿಗೆ ಇಬ್ಬಿಬ್ಬರು ಸೆನೆಟರ್. ಅಂಕಿಗಿಂತ ಜಾಸ್ತಿ ನನ್ನ ಮನಸ್ಸು ತಿರುಗಿಸಿದ್ದು 2025. ಮಾರ್ಚ್‌ನಲ್ಲಿ ಕಾಂಗ್ರೆಸ್ ಪಾಸು ಮಾಡಿದ ಖರ್ಚಿನ ಮಸೂದೆಯಿಂದ ನಮ್ಮ ನಡುವರ್ಷದ ಬಜೆಟ್ಟಿಗೆ ಸುಮಾರು 110 ಕೋಟಿ ಡಾಲರ್ ಕತ್ತರಿ ಬಿತ್ತು. ಅದು ನಮ್ಮದೇ ತೆರಿಗೆ ದುಡ್ಡು, ಫೆಡರಲ್ ಸರ್ಕಾರಕ್ಕೆ ಅದರಿಂದ ಒಂದು ಡಾಲರ್ ಉಳಿತಾಯ ಇಲ್ಲ. ಆಗಸ್ಟ್ 11ರಂದು ಟ್ರಂಪ್ ಹೋಮ್ ರೂಲ್ ಕಾನೂನಿನ 740ನೇ ಸೆಕ್ಷನ್ ಹಿಡಿದು 30 ದಿನ ನಮ್ಮ ಪೊಲೀಸರನ್ನು ತಮ್ಮ ಕೈಗೆ ತೆಗೆದುಕೊಂಡರು, ನ್ಯಾಷನಲ್ ಗಾರ್ಡ್ ಇಳಿಸಿದರು. ಅಪರಾಧ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲೇ ಎರಡು ಕಾರು ಕಳುವಾಗಿವೆ. ಆದರೆ ಆ ಸೆಕ್ಷನ್ 1973ರಿಂದ ಅಲ್ಲೇ ಇತ್ತು. ಮಾಲೀಕರ ಬೀಗದ ಕೈ ಎಂದೆನಲ್ಲ, ಅದೇ. ಆ ವಾರ ಅಜ್ಜಿಗೆ ಹುಳಿಯನ್ನ ಕೊಡಲು ಹೋದರೆ ಟಿವಿ ಆರಿಸಿ ಕೂತಿದ್ದರು. 'ಇದನ್ನು ನಾನು ನೋಡಿ ಆಗಿದೆ' ಅಂದರು, ಅಷ್ಟೇ.

ಆರ್.ಕೆ. ಪುರಂ ಕನ್ನಡಿಗ:

ದೆಹಲಿಯಿಂದ ಒಂದು ಅಡ್ಡಮಾತು. ನಮ್ಮದು ಇದರ ಉಲ್ಟಾ. ಲೋಕಸಭೆಗೆ ಏಳು, ರಾಜ್ಯಸಭೆಗೆ ಮೂರು ಜನರನ್ನು ಕಳಿಸುತ್ತೇವೆ. ಪ್ರಾತಿನಿಧ್ಯಕ್ಕೆ ಕೊರತೆ ಇಲ್ಲ. ಆದರೆ ವಿಧಾನಸಭೆಗೆ ಪೊಲೀಸ್ ಇಲ್ಲ, ಕಾನೂನು ಸುವ್ಯವಸ್ಥೆ ಇಲ್ಲ, ಭೂಮಿ ಇಲ್ಲ.

ನಮ್ಮವರಿಗೆ ಗೊತ್ತಿರಬೇಕಾದ ತಮಾಷೆ ಒಂದಿದೆ. 1956ರ ನವೆಂಬರ್ 1 ನಮಗೆ ಹಬ್ಬ, ಚದುರಿದ್ದ ಕನ್ನಡ ನಾಡು ಒಂದಾದ ದಿನ. ಅದೇ ದಿನ ಅದೇ ಪುನರ್‌ವಿಂಗಡಣೆ ಕಾನೂನಿನಲ್ಲಿ ದೆಹಲಿ ತನ್ನ ವಿಧಾನಸಭೆ ಕಳೆದುಕೊಂಡು ಕೇಂದ್ರಾಡಳಿತ ಪ್ರದೇಶ ಆಯಿತು. ಮತ್ತೆ ವಿಧಾನಸಭೆ ಚುನಾವಣೆ ಆಗಿದ್ದು 1993ರಲ್ಲಿ. 2023ರ ಮೇ 11ರಂದು ಅಧಿಕಾರಿಗಳ ಮೇಲಿನ ಹಿಡಿತ ಆಯ್ಕೆಯಾದ ಸರ್ಕಾರಕ್ಕೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎಂಟು ದಿನಕ್ಕೆ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ಕಾನೂನೂ ಆಯಿತು. ಪದ್ಮಾ ಮೇಡಂ, ನಿಮ್ಮ ಮಾಲೀಕರಿಗೆ 30 ದಿನ ಬೇಕು, ನಮ್ಮವರಿಗೆ ಎಂಟೇ ಸಾಕು.

ಬಸವನಗುಡಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಪದ್ಮಕ್ಕ, ಕೊನೇ ಪ್ರಶ್ನೆ. ಭಾವನಿಗೆ ಅಮೆರಿಕದ ಪೌರತ್ವ ಇದೆ. ಅಕ್ಕನದು ಇನ್ನೂ ಗ್ರೀನ್ ಕಾರ್ಡ್. 'ಡಿಸಿಯಲ್ಲಿ ನಾನೂ ಓಟು ಹಾಕಬಹುದಂತೆ' ಎಂದು ಕುಣಿಯುತ್ತಿದ್ದಾಳೆ. ಸುಮ್ನೆ ಹೇಳುತ್ತಿದ್ದಾಳಾ?

ಪೆಟ್‌ವರ್ತ್ ಪದ್ಮಾ:

ಸುಮ್ನೆ ಅಲ್ಲ. 2022ರಲ್ಲಿ ಕೌನ್ಸಿಲ್ ಆ ಕಾನೂನು ಮಾಡಿತು, 2024ರ ಚುನಾವಣೆಯಲ್ಲಿ ಜಾರಿಗೆ ಬಂತು. 30 ದಿನ ಇಲ್ಲಿ ವಾಸ ಇದ್ದ, 18 ತುಂಬಿದ ಪೌರರಲ್ಲದವರೂ ಮೇಯರ್, ಕೌನ್ಸಿಲ್, ನೆರೆಹೊರೆ ಕಮಿಷನರ್‌ಗೆ ಓಟು ಹಾಕಬಹುದು. ಅಧ್ಯಕ್ಷರಿಗೆ, ಡೆಲಿಗೇಟ್‌ಗೆ ಇಲ್ಲ. 2023ರಲ್ಲಿ ಕೆಳಮನೆ ಇದನ್ನು ರದ್ದು ಮಾಡಲು ಓಟು ಹಾಕಿತ್ತು, ಸೆನೆಟ್ ಕೈ ಹಾಕದ್ದರಿಂದ ಉಳಿದುಕೊಂಡಿತು. ಆಗ ಉಳಿಯಿತು ಎಂದರೆ ಯಾವಾಗಲೂ ಉಳಿಯುತ್ತದೆ ಎಂದಲ್ಲ, ಹೆಸರು ಬರೆಸುವ ಮೊದಲು ಚುನಾವಣಾ ಕಚೇರಿಯಲ್ಲಿ ಕೇಳಿಕೊಳ್ಳಲಿ. ಮುಂದೆ ಪೌರತ್ವದ ಅರ್ಜಿಯಲ್ಲಿ ಎಲ್ಲಾದರೂ ಮತದಾರರಾಗಿ ಹೆಸರು ಬರೆಸಿದ್ದೀರಾ ಎಂದು ಕೇಳುತ್ತಾರೆ. ಹಾಗಾಗಿ ವಕೀಲರನ್ನೂ ಒಂದು ಮಾತು ಕೇಳಲಿ. ಗಡಿಬಿಡಿ ಬೇಡ.

ನಿಮ್ಮ ಭಾವನಿಗೆ ನ್ಯೂಜೆರ್ಸಿಯಲ್ಲಿ ಇಬ್ಬರು ಸೆನೆಟರ್, ಕೆಳಮನೆಯಲ್ಲಿ ಒಬ್ಬ ಸದಸ್ಯ ಇದ್ದರು. ಸಾಮಾನಿನ ಲಾರಿ ಡಿಸಿಗೆ ಬಂದ ದಿನ ಮೂವರೂ ಹೋದರು. ಅಕ್ಕನಿಗೆ ಅಲ್ಲಿ ಏನೂ ಇರಲಿಲ್ಲ, ಇಲ್ಲಿ ಕೌನ್ಸಿಲ್‌ಗೆ ಒಂದು ಓಟು ಸಿಕ್ಕಿತು. ಭಾವನಿಗೆ ಇದನ್ನು ಮೆಲ್ಲಗೆ ಹೇಳಿ. ಮನೆ ಯಾವ ವಾರ್ಡಿನಲ್ಲಿ ಎಂದು ಕೇಳಿ ಹೇಳಿ. ವಾರ್ಡ್ 4 ಆದರೆ ಬರುವ ಬುಧವಾರ ಸಂಜೆ ಏಳಕ್ಕೆ ನಮ್ಮ ಸಭೆ ಇದೆ, ಓಣಿಯ ದೀಪದ ವಿಷಯ. ಬರುವುದಾದರೆ ನಾನು ಕೋಡುಬಳೆ ತರುತ್ತೇನೆ.